ಏಳು ಹೊಲಿಗೆ

ಎರಡು ವರ್ಷಗಳ ಹಿಂದಿನ ಮೇ ತಿಂಗಳು, ಎರಡನೆಯ ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ ನನ್ನ ಮಗಳ ಮನೆ, ಒಂಬತ್ತನೆಯ ಮಹಡಿ. ಹಾಜರಿದ್ದವರು ನಾನು, ಮಗಳು ಗಿರಿಜಾ, ಅಳಿಯ ಮಹೇಶ್. ಎದುರು ಮನೆಯ ಲಿಮ್ ಆಂಟಿ ಐದಾರು ನಿಮಿಷ ತಡವಾಗಿ ಬಂದರು. ಯಾವ ಸಂಗತಿಯನ್ನು ಬರೆದರೂ ದಿನ, ಹೊತ್ತು, ಹಾಜರಿ ಮೊದಲು ಬರೆಯುವುದು ನನಗೆ ಅಭ್ಯಾಸವಾಗಿ ಹೋಗಿದೆ. ಈ ಸಂಗತಿಯಲ್ಲಿ ನನಗೆ ಖಚಿತವಾಗಿ ಗೊತ್ತಿರುವ ಭಾಗ ಹೆಚ್ಚುಕಡಿಮೆ ಇಷ್ಟೇ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ.

ಅಲ್ಲಿಯವರೆಗೆ ನಾನು ಇಂಥದ್ದನ್ನೆಲ್ಲ ನಂಬಿದವನಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಲಿಂಗಪೂಜೆ, ಐದೂವರೆಗೆ ಚಹಾ, ಆರಕ್ಕೆ ನಡಿಗೆ. ಪೂಜೆ ಮಾಡುತ್ತೇನೆಂದ ಮಾತ್ರಕ್ಕೆ ಗಾಳಿ, ದೆವ್ವ, ಸೂಚನೆ ಎಂದು ತಲೆ ಕೆಡಿಸಿಕೊಂಡವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ನನ್ನ ಪ್ರಶ್ನೆ ಎರಡೇ. ಬೀಗ ಹಾಕಿತ್ತೇ? ಕೀಲಿ ಯಾರ ಬಳಿ ಇತ್ತು? ಎರಡನೆಯ ಪ್ರಶ್ನೆಗೆ ಹೆಚ್ಚಿನವರ ಕಥೆ ಮುಗಿದುಹೋಗುತ್ತಿತ್ತು. ನನ್ನ ಕಥೆಯಲ್ಲಿ ಬೀಗ ಹಾಕಿತ್ತು, ಕೀಲಿ ನನ್ನ ಸೊಂಟದ ಉಡಿದಾರದಲ್ಲಿತ್ತು. ಎರಡು ವರ್ಷ ಇದನ್ನು ಬರೆಯದೆ ಇದ್ದುದಕ್ಕೆ ಅದೇ ಕಾರಣ.

ನಾನು ಮೂವತ್ತೊಂದು ವರ್ಷ ಕೋವಿಗಳ ನಡುವೆ ಬದುಕಿದವನು. ಮೊದಲು ಸೇನೆಯಲ್ಲಿ ಕೋವಿ ರಿಪೇರಿ ಮಾಡುವವನಾಗಿ, ಆಮೇಲೆ ಬಳ್ಳಾರಿ ಕಡೆಯ ಕಲ್ಲುಗುಡ್ಡಗಳಲ್ಲಿ ಕಾವಲು ಹಾಕುತ್ತಿದ್ದ ಒಂದು ಕಚೇರಿಯ ಶಸ್ತ್ರಾಗಾರದಲ್ಲಿ. ಕಾವಲುಗಾರರಿಗೆ ಕೋವಿ ಕೊಡುವುದು, ತಿರುಗಿ ಪಡೆಯುವುದು, ಒರೆಸಿ ಎಣ್ಣೆ ಹಾಕಿ ಇಡುವುದು, ಇಷ್ಟೇ ನನ್ನ ಕೆಲಸ. ಅಂಥವನು ವಯಸ್ಸಾದ ಮೇಲೆ ಆರು ತಿಂಗಳ ಮಟ್ಟಿಗೆ, ಜೇಬಿನಲ್ಲಿ ಒಂದು ತೋಟಾ ಸಿಕ್ಕರೂ ಜೈಲಿಗೆ ಕಳಿಸುವ ಊರಿಗೆ ಬಂದು ಕುಳಿತಿದ್ದೆ. ನನಗೆ ಆ ಕಟ್ಟುನಿಟ್ಟು ಹಿಡಿಸಿತ್ತು.

ಮಹೇಶ್ ದಾವಣಗೆರೆಯವರು. ಜುರಾಂಗ್ ಐಲ್ಯಾಂಡ್‌ನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪೈಪುಗಳ ಇಂಜಿನಿಯರ್. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದರೆ ಕತ್ತಲಾಗುವಾಗ ಮನೆ. ಬಹಳ ಮೆತ್ತನೆಯ ಮನುಷ್ಯ. ಅಡುಗೆಮನೆಯಲ್ಲಿ ಜಿರಲೆ ಕಂಡರೆ ಗಿರಿಜಾಳನ್ನು ಕರೆಯುತ್ತಾರೆ. ಏಪ್ರಿಲ್ ಕೊನೆಯಲ್ಲಿ ಕಂಪನಿಯವರು ಅವರನ್ನು ಎಂಟು ವಾರಗಳಿಗೆ ಕೆನಡಾದ ಉತ್ತರದ ತುದಿಗೆ ಹೋಗಲು ಹೇಳಿದರು. ಅಲ್ಲಿ ಕಾಡಿನ ನಡುವೆ ಹಾದುಹೋಗುವ ಒಂದು ಪೈಪ್‌ಲೈನನ್ನು ಪರೀಕ್ಷಿಸಬೇಕು. ದಿನ ಬೆಳಗಾದರೆ ಹೆಲಿಕಾಪ್ಟರ್ ಇಬ್ಬಿಬ್ಬರನ್ನು ಒಂದೊಂದು ಕಡೆ ಇಳಿಸಿ ಹೋಗುತ್ತದೆ, ಸಂಜೆ ಬಂದು ಎತ್ತಿಕೊಳ್ಳುತ್ತದೆ. ನಡುವಿನ ಹೊತ್ತು ಅವರು ಮತ್ತು ಗ್ರಿಜ್ಲಿ ಕರಡಿಗಳು.

ಕೋವಿಯನ್ನು ಅಲ್ಲಿನ ಶಿಬಿರದವರೇ ಕೊಡುತ್ತಾರೆ. ಮೂರು ದಿನ ತರಬೇತಿ, ಕಾನೂನಿನ ಕಾಗದಪತ್ರ ಎಲ್ಲ ಅವರದೇ. ಆದರೆ ಮುಂಚಿತವಾಗಿ ಒಂದು ಫಾರಂ ತುಂಬಿ ಕಳಿಸಬೇಕಿತ್ತು. ಅದರಲ್ಲಿ ಮುಖ್ಯ ಪ್ರಶ್ನೆಗಳು ಎರಡು. ಯಾವ ಕೋವಿ ಬೇಕು? ಅದನ್ನು ಹೇಗೆ ಒಯ್ಯುತ್ತೀರಿ? ಕಳಿಸಲು ಕೊನೆಯ ದಿನ ನಾನು ಮೇಲೆ ಹೇಳಿದ ಶನಿವಾರ, ರಾತ್ರಿ ಹತ್ತರೊಳಗೆ. ಮಹೇಶ್ ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಮಾವ, ಇದ್ರಲ್ಲಿ ನಂಗೆ ಎ ಬಿ ಸಿ ಡಿ ಗೊತ್ತಿಲ್ಲ. ನೀವು ಯಾವುದು ಹೇಳ್ತೀರೋ ಕಣ್ಣು ಮುಚ್ಚಿ ಅದನ್ನೇ ಟಿಕ್ ಮಾಡ್ತೀನಿ."

ಅವತ್ತಿನಿಂದ ನನ್ನ ನಿದ್ದೆ ಕೆಟ್ಟಿತು. ಒಂಬತ್ತೂವರೆಗೆ ಮಲಗುವವನು ಹನ್ನೊಂದಕ್ಕೂ ಎಚ್ಚರ. ನಡಿಗೆಯಲ್ಲಿ ಎರಡು ಸುತ್ತು ಹಾಕುವ ಕಡೆ ನಾಲ್ಕು ಸುತ್ತು ಹಾಕಿದರೂ ಮನಸ್ಸು ನಿಲ್ಲುತ್ತಿರಲಿಲ್ಲ. ಕೋವಿ ಆರಿಸುವುದು ನನಗೆ ಕಷ್ಟದ ಕೆಲಸವೇನಲ್ಲ. ಫಾರಂನಲ್ಲಿ ಮೂರು ಆಯ್ಕೆಗಳಿದ್ದವು. ಒಂದು, ಬೋಲ್ಟ್ ಎಳೆದು ಹೊಡೆಯುವ ರೈಫಲ್. ಎರಡು, ಹನ್ನೆರಡು ಬೋರಿನ ಪಂಪ್ ಕೋವಿ, ಸಣ್ಣ ಗುಂಡುಗಳ ಚರೆಯಲ್ಲ, ಒಂಟಿಗುಂಡಿನ ತೋಟಾ. ಮೂರು, ಕೋವಿ ಬೇಡ, ಖಾರದ ಸ್ಪ್ರೇ ಮಾತ್ರ. ಚರೆ ನಮ್ಮ ಹಂದಿಗೂ ಸಾಲದು. ನಮ್ಮ ಕರಡಿಯ ಎರಡು ಮೂರು ಪಟ್ಟು ತೂಗುವ ಪ್ರಾಣಿಯ ಮೂಳೆಯವರೆಗೆ ಅದು ತಲುಪುವುದಿಲ್ಲ. ರೈಫಲ್ ಒಳ್ಳೆಯದೇ, ದೂರಕ್ಕೂ ನಂಬಬಹುದು. ಆದರೆ ಬೋಲ್ಟು ಎತ್ತಿ, ಎಳೆದು, ನೂಕಿ, ಇಳಿಸುವ ನಾಲ್ಕು ಕೆಲಸ ಹೆದರಿದ ಕೈಗೆ ನಾಲ್ಕು ಕಡೆ ತಪ್ಪಲು ಅವಕಾಶ ಕೊಡುತ್ತದೆ. ಪಂಪ್ ಕೋವಿಯಲ್ಲಿ ಎರಡೇ ಕೆಲಸ, ಹಿಂದಕ್ಕೆ ಮತ್ತು ಮುಂದಕ್ಕೆ. ಒಂದೇ ತೊಂದರೆ ಎಂದರೆ, ಗಾಬರಿಯಾದವನು ಪೂರ್ತಿ ಹಿಂದಕ್ಕೆ ಎಳೆಯುವುದಿಲ್ಲ. ಅರ್ಧ ಎಳೆದು ನೂಕಿದರೆ ತೋಟಾ ಸಿಕ್ಕಿಕೊಳ್ಳುತ್ತದೆ, ಕೋವಿ ದೊಣ್ಣೆಯಾಗುತ್ತದೆ. ಅಭ್ಯಾಸ ಮಾಡಿಸಿದರೆ ಸರಿಹೋಗುವ ತಪ್ಪು ಅದು. ನಾನು ಎರಡನೆಯದನ್ನು ಆರಿಸಿದೆ.

ಅಭ್ಯಾಸ ಶುರು ಮಾಡಿದೆವು. ಬಟ್ಟೆ ಒಣಹಾಕುವ ಹಳೆಯ ಬಿದಿರು ಗಳವೊಂದನ್ನು ಮೂರೂವರೆ ಅಡಿಗೆ ಕತ್ತರಿಸಿ, ಅದರ ಮೇಲೆ ಜಾರುವಂತೆ ಒಂದು ಪ್ಲಾಸ್ಟಿಕ್ ಪೈಪಿನ ತುಂಡು ಸೇರಿಸಿದೆ. ಅದೇ ಪಂಪ್. ತೋಟಾಗಳ ಬದಲು ಐದು ದಪ್ಪ ಬ್ಯಾಟರಿ. ಕಟ್ಟಡದ ಕೆಳಗೆ, ವಾಯ್ಡ್ ಡೆಕ್ ಎಂದು ಕರೆಯುವ ತೆರೆದ ನೆಲಮಹಡಿಯಲ್ಲಿ ಬೇಕಾದಷ್ಟು ಜಾಗವಿತ್ತು, ಆದರೆ ಗಿರಿಜಾ ಖಡಾಖಂಡಿತವಾಗಿ ಬೇಡ ಎಂದಳು.

"ಅಪ್ಪ, ಲಿಫ್ಟಲ್ಲಿ ಕೂಡ ಗನ್ ಗಿನ್ ಅಂತ ಬಾಯಿ ಬಿಡ್ಬೇಡಿ. ನಿಮ್ಮನ್ನ ಬಿಡಿಸ್ಕೊಂಡು ಬರೋಕೆ ನಂಗೆ ಲೀವ್ ಸಿಗಲ್ಲ" ಎಂದು ಗದರಿದ್ದಳು.

ಹಾಗಾಗಿ ಹಾಲ್‌ನಲ್ಲಿಯೇ ಸೋಫಾ ಸರಿಸಿ ಜಾಗ ಮಾಡಿಕೊಂಡೆವು. ಅಡುಗೆಮನೆಯ ಆಚೆ ಗೋಡೆಯಿಂದ ಮುಂಬಾಗಿಲಿಗೆ ಇಪ್ಪತ್ತೆರಡು ಅಡಿ. ನಾನೇ ಕರಡಿ. ತರಕಾರಿ ತರುವ ತಳ್ಳುಗಾಡಿಯನ್ನು ಹಿಡಿದು ಅಡುಗೆಮನೆಯಿಂದ ನುಗ್ಗಿ ಬರುತ್ತಿದ್ದೆ. ಮೊದಲ ಮೂರು ದಿನ ಮಹೇಶ್ ಕೋವಿ ಬಿಟ್ಟು ಸೋಫಾ ಹತ್ತಿದರು. ಆಮೇಲೆ ಕಾಲು ಊರಿ ನಿಂತರು. ಹನ್ನೆರಡನೆಯ ದಿನದ ಹೊತ್ತಿಗೆ ಪೈಪನ್ನು ಪೂರ್ತಿ ಹಿಂದಕ್ಕೆಳೆಯುವುದು ಕೈಗೆ ಬಂದಿತ್ತು.

ಬ್ಯಾಟರಿಗಳಿಗೆ ನಾನೊಂದು ಚೀಲ ಮಾಡಿದ್ದೆ. ನನ್ನ ಹಳೆಯ ಖಾಕಿ ಪ್ಯಾಂಟಿನ ಬಟ್ಟೆ, ಅಂಗೈಯಷ್ಟು ಅಗಲ, ಮೇಲೆ ಮುಚ್ಚುವ ಪಟ್ಟಿ. ಪ್ರತಿದಿನ ಅಭ್ಯಾಸ ಮುಗಿದ ಮೇಲೆ ಐದು ಬ್ಯಾಟರಿ ಎಣಿಸಿ ಒಳಗಿಟ್ಟು, ಪಟ್ಟಿಯನ್ನು ಮೇಣ ಹಚ್ಚಿದ ದಾರದಿಂದ ಏಳು ಹೊಲಿಗೆ ಹಾಕಿ ಮುಚ್ಚುತ್ತಿದ್ದೆ. ಶಸ್ತ್ರಾಗಾರದಲ್ಲಿ ಹದಿನಾರು ವರ್ಷ ನಾನು ನಡೆಸಿದ ಪದ್ಧತಿ ಅದು. ಕೋವಿ ಯಾವಾಗಲೂ ಖಾಲಿ. ತೋಟಾ ಬೇರೆ, ಹೊಲಿದ ಚೀಲದಲ್ಲಿ. ಹೊಲಿಗೆ ಹಾಗೇ ಇದ್ದರೆ ತೋಟಾ ಎಣಿಸಬೇಕಾಗಿಲ್ಲ, ಚೀಲ ಎಣಿಸಿದರೆ ಸಾಕು. ಯಾವ ಕೋವಿಯೂ ತಾನಾಗಿ ಹಾರುವಂತಿಲ್ಲ, ಯಾವ ತೋಟಾವೂ ಕಳೆಯುವಂತಿಲ್ಲ. ಫಾರಂನ ಎರಡನೆಯ ಪ್ರಶ್ನೆಗೂ ನಾನು ಮಹೇಶ್‌ಗೆ ಅದನ್ನೇ ಹೇಳಿದ್ದೆ: ಖಾಲಿ ಕೋವಿ, ತೋಟಾ ಮುಚ್ಚಿದ ಚೀಲದಲ್ಲಿ. ಫಾರಂನಲ್ಲಿ ಅಂಥ ಒಂದು ಚೌಕವೂ ಇತ್ತು.

ಅಭ್ಯಾಸವೂ ಅದರಂತೆಯೇ ನಡೆಯಿತು. ಹೊಲಿಗೆ ಬಿಚ್ಚಿ, ಬ್ಯಾಟರಿ ತೆಗೆದು, ಹಾಕಿದಂತೆ ಮಾಡಿ, ಎಳೆದು, ಗುರಿ ಹಿಡಿಯಲು ಹತ್ತೊಂಬತ್ತು ಸೆಕೆಂಡು ಆಗುತ್ತಿತ್ತು. ಒಂದು ದಿನ ಮಹೇಶ್ ಮೆಲ್ಲನೆ ಕೇಳಿದರು, "ಕರಡಿ ಬಂದಾಗ ಕತ್ತರಿ ಎಲ್ಲಿ ಅಂತ ಹುಡುಕ್ಲಿ ಮಾವ?" ಗಿರಿಜಾ ನಕ್ಕಳು. ನಾನು ನಗಲಿಲ್ಲ. ಶಿಸ್ತು ಇಲ್ಲದ ಕೋವಿ ಕರಡಿಗಿಂತ ಕೆಟ್ಟದ್ದು ಎಂದೆ. ಅವರು ಬ್ಯಾಟರಿಗಳನ್ನು ನನ್ನ ಕೈಗೆ ತಿರುಗಿ ಕೊಟ್ಟರು. ಮಾವನ ಮುಂದೆ ವಾದಿಸುವ ಜಾಯಮಾನ ಅವರದಲ್ಲ.

ಇನ್ನು ಆ ಶನಿವಾರ. ಬೆಳಿಗ್ಗೆ ಹತ್ತಕ್ಕೆ ಅಭ್ಯಾಸ ಆಯಿತು. ಇನ್ನೊಂದು ಸಲ ಮಾಡೋಣವೆಂದು ಚೀಲವನ್ನು ಹೊಲಿಯದೆ ಇಟ್ಟಿದ್ದೆ. ಊಟದ ನಂತರ ಮಹೇಶ್‌ಗೆ ಗಟ್ಟಿ ಬೂಟು ಕೊಳ್ಳಲು ಮೂವರೂ ಸೆರಂಗೂನ್‌ನ ಮಾಲ್‌ಗೆ ಹೊರಟೆವು. ಹೊರಡುವ ಮೊದಲು, ಎರಡೂವರೆಗೆ, ಇಬ್ಬರ ಎದುರಿಗೇ ಚೀಲಕ್ಕೆ ಏಳು ಹೊಲಿಗೆ ಹಾಕಿದೆ. "ಬ್ಯಾಟರಿಗೂ ಸೀಲಾ ಮಾವ, ಯಾರು ಕದೀತಾರೆ?" ಎಂದು ಮಹೇಶ್ ಅಂದದ್ದು ಅದೇ ಹೊತ್ತಿಗೆ. ಚೀಲವನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಟ್ರಂಕು ಇರುವುದು ಮನೆಯ ಬಾಂಬ್ ಶೆಲ್ಟರ್‌ನಲ್ಲಿ. ಇಲ್ಲಿನ ಹೊಸ ಫ್ಲ್ಯಾಟ್‌ಗಳಲ್ಲೆಲ್ಲ ಯುದ್ಧಕಾಲಕ್ಕೆಂದು ದಪ್ಪ ಕಾಂಕ್ರೀಟ್ ಗೋಡೆಯ, ಉಕ್ಕಿನ ಬಾಗಿಲಿನ, ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ ಇರುತ್ತದೆ. ಎಲ್ಲರೂ ಅದರಲ್ಲಿ ಅಕ್ಕಿ ಮೂಟೆ, ಹಳೆಯ ಸೂಟ್‌ಕೇಸ್ ತುಂಬುತ್ತಾರೆ. ನನಗೆ ಮಾತ್ರ ಆ ಕೋಣೆ ಮೊದಲ ದಿನದಿಂದಲೂ ಶಸ್ತ್ರಾಗಾರದಂತೆಯೇ ಕಂಡಿತ್ತು. ಉಕ್ಕಿನ ಬಾಗಿಲು ಮುಚ್ಚಿದೆ, ಮನೆಗೆ ಬೀಗ ಹಾಕಿದೆವು, ಹೊರಟೆವು.

ಮಾಲ್‌ನಲ್ಲಿ ನನಗೆ ಸಮಾಧಾನವಿರಲಿಲ್ಲ. ಮಹೇಶ್ ಒಂದು ಜೊತೆ ಹಾಕಿ ಒಂದು ಜೊತೆ ಬಿಚ್ಚುತ್ತಿದ್ದರೆ ನಾನು ಗಡಿಯಾರ ನೋಡುತ್ತಿದ್ದೆ. ಏನೋ ಮರೆತು ಬಂದಂತೆ, ಗ್ಯಾಸ್ ಆರಿಸದೆ ಬಂದಂತೆ. ಮೂರು ಮುಕ್ಕಾಲಿಗೆ ಗಿರಿಜಾಳನ್ನು ಕೇಳಿಯೂ ಕೇಳಿದೆ, ಗ್ಯಾಸ್ ಆರಿಸಿದ್ದೀಯಾ ಎಂದು. ಆರಿಸಿದ್ದಳು. ಎಂಆರ್‌ಟಿ ರೈಲು ಹಿಡಿದು, ಸೆಂಗ್‌ಕಾಂಗ್‌ನಲ್ಲಿ ಪುಟ್ಟ ರೈಲಿಗೆ ಬದಲಿಸಿ, ಐದು ಹತ್ತಕ್ಕೆ ಮನೆ ಸೇರಿದೆವು.

ಹೊಸ ಬೂಟು ಹಾಕಿಕೊಂಡೇ ಒಂದು ಸಲ ಅಭ್ಯಾಸ ಮಾಡಿಬಿಡೋಣ ಎಂದೆ. ಶೆಲ್ಟರ್‌ನ ಉಕ್ಕಿನ ಬಾಗಿಲು ಎಳೆದಾಗ ಮೊದಲು ಬಂದದ್ದು ವಾಸನೆ. ಒದ್ದೆ ಕಂಬಳಿ, ಅದರ ಜೊತೆ ಅಗೆದ ಹುತ್ತದ ಮಣ್ಣು. ಗಿರಿಜಾಳಿಗೂ ಬಂತು. ಇಲ್ಲಿನ ಸೆಕೆಗೆ ಗಾಳಿಯಾಡದ ಕೋಣೆ ಹೀಗೆಯೇ, ಬೂಷ್ಟು ಹಿಡಿದಿರಬೇಕು ಎಂದಳು. ಇರಬಹುದು. ನಾನು ಉಡಿದಾರದಿಂದ ಕೀಲಿ ಬಿಚ್ಚಿ ಟ್ರಂಕು ತೆರೆದೆ. ಬೀಗ ಹಾಕಿದ ಹಾಗೆಯೇ ಇತ್ತು. ಚೀಲ ನಾನು ಇಟ್ಟ ಜಾಗದಲ್ಲಿಯೇ ಇತ್ತು. ಪಟ್ಟಿ ಮಾತ್ರ ತೆರೆದುಕೊಂಡಿತ್ತು.

ಎಡಗಡೆಯಿಂದ ಮೊದಲ ಮೂರು ಹೊಲಿಗೆ ಹಾಗೇ ಇದ್ದವು. ಉಳಿದ ನಾಲ್ಕು ಕಡಿದಿದ್ದವು. ಕತ್ತರಿಯಿಂದ ಕತ್ತರಿಸಿದ ದಾರದ ತುದಿ ನೇರವಾಗಿರುತ್ತದೆ. ಇವು ಚಪ್ಪಟೆಯಾಗಿ, ಎಳೆ ಬಿಟ್ಟುಕೊಂಡು, ಹಲ್ಲಿನಿಂದ ಕಚ್ಚಿದ ಹಾಗಿದ್ದವು. ಮುಟ್ಟಿದೆ. ಒದ್ದೆಯಾಗಿದ್ದವು.

ನಾನು ಬ್ಯಾಟರಿ ಎಣಿಸಿದೆ. ಐದೂ ಇದ್ದವು. ಮತ್ತೊಮ್ಮೆ ಎಣಿಸಿದೆ. ಆಮೇಲೆ ಅಲ್ಲಿಯೇ ಅಕ್ಕಿ ಮೂಟೆಯ ಮೇಲೆ ಕುಳಿತೆ.

ಗಿರಿಜಾ ನನ್ನ ಮುಖ ನೋಡಿದ ರೀತಿ ಎಲ್ಲ ವಯಸ್ಸಾದವರಿಗೂ ಗೊತ್ತಿರುತ್ತದೆ. "ಅಪ್ಪ, ನೀವೇ ಬಿಚ್ಚಿ ಮರೆತಿರಬಹುದು ಅಲ್ವಾ?" ಎಂದಳು, ಬಹಳ ನಿಧಾನವಾಗಿ. ನಾನು ಉತ್ತರವಾಗಿ ಮೇಲಿನ ಹಲ್ಲಿನ ಸೆಟ್ಟನ್ನು ತೆಗೆದು ಕೈಯಲ್ಲಿ ಹಿಡಿದು ತೋರಿಸಿದೆ. ಅದರಲ್ಲಿ ನಾನು ಚಕ್ಕುಲಿ ಮುರಿಯಲಾರೆ, ಮೇಣದ ದಾರ ಎಲ್ಲಿಂದ ಕಚ್ಚಲಿ? ಮಹೇಶ್ ಬೂಟಿನ ಲೇಸು ಕೈಯಲ್ಲಿ ಹಿಡಿದು ಹಾಗೆಯೇ ನಿಂತಿದ್ದರು. ಅವರು ಎರಡೂವರೆಯಿಂದ ಐದು ಹತ್ತರವರೆಗೆ ನನ್ನ ಕಣ್ಣೆದುರಿಗೇ ಇದ್ದರು.

ಆಗ ಲಿಮ್ ಆಂಟಿ ಬಂದರು. ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ, ಹಣ್ಣು ಕತ್ತರಿಸಿದರೆ ನಮಗೊಂದು ಡಬ್ಬಿ ತಂದುಕೊಡುತ್ತಾರೆ. ಅವತ್ತೂ ಪಪ್ಪಾಯಿ ತಂದಿದ್ದರು. ಡಬ್ಬಿ ಕೊಟ್ಟು, ಗ್ರಿಲ್ ಬಾಗಿಲ ಆಚೆಯೇ ನಿಂತು, ಸ್ವಲ್ಪ ಸಂಕೋಚದಿಂದ ಹೇಳಿದರು.

"ಅಂಕಲ್, ಯುವರ್ ವ್ಯಾಕ್ಯೂಮ್ ಸ್ಪಾಯ್ಲ್ ಆಲ್ರೆಡಿ. ಸಕ್, ಸಕ್, ಸ್ಟಾಪ್. ದೆನ್ ಬ್ಲೋ. ಅಗೇನ್ ಸಕ್. ವೆರಿ ನಾಯ್ಸಿ ಲಾ."

ಯಾವಾಗ ಎಂದು ಗಿರಿಜಾ ಕೇಳಿದಳು. ಮೂರೂವರೆ ಕಳೆದ ಮೇಲೆ, ಸುಮಾರು ನಾಲ್ಕರವರೆಗೆ. ತಾನು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ಒಮ್ಮೆ ಬಾಗಿಲು ತಟ್ಟಿದೆ, ತಟ್ಟಿದ ಕೂಡಲೇ ಸದ್ದು ನಿಂತಿತು, ಯಾರೂ ತೆರೆಯಲಿಲ್ಲ ಎಂದರು. ನಾವು ಮನೆಯಲ್ಲಿಯೇ ಇರಲಿಲ್ಲವೆಂದು ಗಿರಿಜಾ ಹೇಳಲಿಲ್ಲ. ಸಾರಿ ಆಂಟಿ, ರಿಪೇರಿ ಮಾಡಿಸುತ್ತೇವೆ ಎಂದಳು. ನಮ್ಮ ವ್ಯಾಕ್ಯೂಮ್ ಕ್ಲೀನರ್ ಅದೇ ಶೆಲ್ಟರ್‌ನಲ್ಲಿ, ವೈರು ಸುತ್ತಿ ಇಟ್ಟ ಹಾಗೆಯೇ ನನ್ನ ಪಕ್ಕದಲ್ಲಿತ್ತು.

ನಮ್ಮ ಕಡೆಯ ಗುಡ್ಡದ ಕರಡಿ ಹುತ್ತ ಅಗೆದು ಗೆದ್ದಲು ತಿನ್ನುವಾಗ ಮಾಡುವ ಸದ್ದನ್ನು ಕೇಳಿದವರಿಗೆ ಮರೆಯಲಾಗುವುದಿಲ್ಲ. ಒಮ್ಮೆ ಮೂತಿಯಿಂದ ಮಣ್ಣು ಊದುತ್ತದೆ, ಒಮ್ಮೆ ಹೀರುತ್ತದೆ. ರಾತ್ರಿ ಕಾಲು ಹರದಾರಿಗೆ ಕೇಳುತ್ತದೆ. ಕೆನಡಾದ ಕರಡಿಗೆ ಆ ಅಭ್ಯಾಸವಿಲ್ಲ. ಬಳ್ಳಾರಿ ಕಡೆಯದಕ್ಕೆ ಇದೆ.

ಅವತ್ತು, ಪಪ್ಪಾಯಿ ಡಬ್ಬಿಯನ್ನು ಮಧ್ಯದಲ್ಲಿಟ್ಟುಕೊಂಡು, ಮೂವತ್ತು ವರ್ಷ ಯಾರಿಗೂ ಹೇಳದ್ದನ್ನು ಮಗಳು ಅಳಿಯನಿಗೆ ಹೇಳಿದೆ. ಓದುವವರಿಗೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ದಾರದ ಕಥೆಯಾಗುತ್ತದೆ.

ನಮ್ಮಲ್ಲಿ ಹನುಮಪ್ಪ ಎಂಬ ಕಾವಲುಗಾರನಿದ್ದ. ನಲವತ್ತರ ಆಸುಪಾಸು, ಓದು ಬರಹ ಬಾರದು, ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು. ನನ್ನ ಪದ್ಧತಿಯಲ್ಲಿ, ಹೊಲಿಗೆ ಒಡೆದು ತಂದವನು ಒಂದು ವಿವರಣೆ ಬರೆದು ಕೊಡಬೇಕಿತ್ತು. ದಿನ, ಹೊತ್ತು, ಹಾಜರಿದ್ದವರು ಯಾರು, ಒಡೆಯಲು ಕಾರಣವೇನು. ಒಂದು ಮಧ್ಯಾಹ್ನ ಅವನಿಗೆ ಒಂಟಿ ನಳಿಗೆಯ ಕೋವಿ ಮತ್ತು ಐದು ತೋಟಾಗಳ ಚೀಲ ಕೊಟ್ಟೆ. ಅವನು ಚೀಲವನ್ನು ಕೈಯಲ್ಲಿ ತಿರುಗಿಸಿ ನೋಡಿ, ಕೇಳಿದ.

"ಒಡದ್ರ ಏನ್ ಬರೀಬೇಕ್ರೀ ಸಾಹೇಬ್ರ? ನನಗ ಬರಿಯಾಕ ಬರೂದಿಲ್ಲ."

"ಒಡೀದಂಗ ತಂದ್ ಕೊಡು" ಎಂದೆ. "ಬರಿಯೂದ ಬ್ಯಾಡ."

ಮರುದಿನ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಅವನು ಸಿಕ್ಕ. ಮರಿ ಕಟ್ಟಿಕೊಂಡಿದ್ದ ಕರಡಿ. ಮೂರು ದಿನ ಆಸ್ಪತ್ರೆಯಲ್ಲಿದ್ದು ಹೋದ. ಬಾಯಿ ಉಳಿದಿರಲಿಲ್ಲವಾದ್ದರಿಂದ ಏನನ್ನೂ ಹೇಳಲಿಲ್ಲ. ಕೋವಿ ಖಾಲಿಯಾಗಿತ್ತು. ಚೀಲ ನನ್ನ ಕೈಗೆ ಬಂದಾಗ ಎಡಗಡೆಯ ಮೂರು ಹೊಲಿಗೆಗಳನ್ನು ಹಲ್ಲಿನಿಂದ ಕಡಿದಿದ್ದ, ನಾಲ್ಕು ಹಾಗೇ ಇದ್ದವು. ಮೊದಲು ಒಡೆಯುವುದೋ ಬೇಡವೋ ಎಂದು ಎಷ್ಟು ಹೊತ್ತು ಯೋಚಿಸಿದನೋ ಗೊತ್ತಿಲ್ಲ. ನಾನು ತೋಟಾ ಎಣಿಸಿದೆ. "ಸೀಲು ಭಾಗಶಃ ಒಡೆದಿದೆ, ತೋಟಾ ಐದೂ ಸರಿ ಇವೆ" ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಮೇಲಿನವರು ಲೆಕ್ಕ ಸರಿಯಾಗಿದೆ ಎಂದರು. ಅಲ್ಲಿಗೆ ಮುಗಿಯಿತು. ಪದ್ಧತಿಯನ್ನು ನಾನು ಬದಲಿಸಲಿಲ್ಲ. ನಿವೃತ್ತಿಯ ದಿನದವರೆಗೂ ಏಳು ಹೊಲಿಗೆ ಹಾಕಿದೆ.

ಅಲ್ಲಿ ಮೂರು, ಇಲ್ಲಿ ನಾಲ್ಕು. ನನಗೆ ಗೊತ್ತಿರುವ ಕೂಡಿಸುವಿಕೆ ಅಷ್ಟೇ. ಅದರಾಚೆ ನಾನು ಏನನ್ನೂ ಹೇಳಲಾರೆ.

ಮಾತು ಮುಗಿದಾಗ ಗಿರಿಜಾ ಅಳುತ್ತಿದ್ದಳು. ಮಹೇಶ್ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡರು. "ಹಾಗಾದ್ರೆ ಯಾವ ಬಾಕ್ಸ್ ಟಿಕ್ ಮಾಡ್ಲಿ ಮಾವ?" ಎಂದರು. ಈ ಸಲ ಅವರ ಕಣ್ಣು ಮುಚ್ಚಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಎದ್ದು ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದೆ. ಹನ್ನೆರಡು ದಿನ ನಾನು ಕೋವಿಯನ್ನು ಆರಿಸಿದ್ದೆ, ಮನುಷ್ಯನನ್ನು ಆರಿಸಿರಲಿಲ್ಲ. ಕೊನೆಗೆ ಹೇಳಿದೆ. ಕೋವಿ ಅದೇ ಇರಲಿ, ಹನ್ನೆರಡು ಬೋರಿನ ಪಂಪ್, ಒಂಟಿಗುಂಡು. ಆದರೆ ನಾಲ್ಕು ತೋಟಾ ಕೋವಿಯ ಹೊಟ್ಟೆಯಲ್ಲಿಯೇ ತುಂಬಿರಬೇಕು, ನಳಿಗೆ ಮಾತ್ರ ಖಾಲಿ. ಒಂದು ಸಲ ಎಳೆದು ನೂಕಿದರೆ ಸಿದ್ಧ. ಖಾರದ ಸ್ಪ್ರೇ ಎದೆಯ ಮೇಲೆ, ಕೈಗೆ ಎಟಕುವ ಹಾಗೆ, ಮೊದಲು ಅದು. ಮುಚ್ಚಿದ ಚೀಲ ಬೇಡ. ನಾನು ಹೇಳಿದ್ದು ತಪ್ಪು ಎಂಬ ಮಾತನ್ನೂ ಸೇರಿಸಿದೆ. ಅಳಿಯನ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು. ಅವರು ಚೌಕಗಳಿಗೆ ಗುರುತು ಹಾಕಿದರು. ಬೂಟು ಹಾಕಿ ನಿಂತು, ಹೊಸ ರೀತಿಯಲ್ಲಿ ಒಮ್ಮೆ ಅಭ್ಯಾಸ ಮಾಡಿದೆವು. ತಳ್ಳುಗಾಡಿ ಹಾಲ್‌ನ ಅರ್ಧಕ್ಕೆ ಬರುವ ಮೊದಲೇ ಬಿದಿರು ನನ್ನ ಎದೆಗೆ ಗುರಿಯಾಗಿತ್ತು. ಹತ್ತೊಂಬತ್ತು ಸೆಕೆಂಡಿನ ಕಡೆ ಎರಡೂ ಆಗಿರಲಿಲ್ಲ.

ಮಹೇಶ್ ಹೋಗಿ ಬಂದರು. ಆರನೆಯ ವಾರದಲ್ಲಿ ಒಂದು ಮಧ್ಯಾಹ್ನ ಪೊದೆಯ ಹಿಂದಿನಿಂದ ಒಂದು ಹೆಣ್ಣು ಕರಡಿ, ನಮ್ಮ ಹಾಲ್‌ನಷ್ಟು ದೂರದಲ್ಲಿ, ಸದ್ದಿಲ್ಲದೆ ಎದ್ದು ಬಂತಂತೆ. ಜೊತೆಗಿದ್ದವನು ಸ್ಪ್ರೇ ಹೊಡೆದ, ಅದು ತಲೆ ಕೊಡವಿ ತಿರುಗಿತು. ಹೊಡೆಯಬೇಕಾಗಿ ಬರಲಿಲ್ಲ. ಆದರೆ ತಾನು ಯಾವಾಗ ಪಂಪ್ ಎಳೆದೆ, ಯಾವಾಗ ಭುಜಕ್ಕೆ ಹಿಡಿದೆ ಎಂಬುದೇ ನೆನಪಿಲ್ಲ, ನೋಡಿದರೆ ಕೋವಿ ಸಿದ್ಧವಾಗಿತ್ತು ಎಂದರು. ಇನ್ನೂ ಏನೋ ಹೇಳಲು ಹೊರಟು, ಗಿರಿಜಾ ಇದ್ದುದನ್ನು ನೋಡಿ ಮಾತು ನಿಲ್ಲಿಸಿದರು. ಆಮೇಲೆ ನಾನೂ ಕೇಳಲಿಲ್ಲ.

ವಿವರಣೆಗಳನ್ನು ಹುಡುಕದೆ ಇದ್ದೇನೆ ಎಂದಲ್ಲ. ಇಲಿಯೇ? ಬೀಗ ಹಾಕಿದ ಕಬ್ಬಿಣದ ಟ್ರಂಕಿಗೆ ಇಲಿ ಹೇಗೆ ಬರುತ್ತದೆ, ಬಂದರೂ ನಾಲ್ಕೇ ಹೊಲಿಗೆಗೆ ಏಕೆ ನಿಲ್ಲುತ್ತದೆ? ಲಿಮ್ ಆಂಟಿ ಕೇಳಿದ್ದು ಮೇಲಿನ ಮನೆಯ ಯಂತ್ರದ ಸದ್ದಿರಬಹುದು. ನಾನು ಹೋಗಿ ವಿಚಾರಿಸಿದೆ, ಆ ಮನೆ ಖಾಲಿಯಿತ್ತು, ಕೆಳಗಿನವರು ಊರಲ್ಲಿರಲಿಲ್ಲ. 'ಇವನು ಮೂರು ಹೊಲಿಗೆ ಹಾಕಿ ಏಳು ಅಂದುಕೊಂಡಿರಬೇಕು' ಎಂದು ನೀವು ಅಂದರೆ ನಾನು ಜಗಳವಾಡುವುದಿಲ್ಲ. ಆದರೆ ಇಬ್ಬರು ನೋಡುತ್ತಿದ್ದರು, ಮತ್ತು ಕಡಿದ ತುದಿಗಳು ಒದ್ದೆಯಾಗಿದ್ದವು. ಇವತ್ತಿಗೂ ಯಾವುದಾದರೂ ಮನೆಯಲ್ಲಿ ವ್ಯಾಕ್ಯೂಮ್ ಹಾಕಿದರೆ ನಾನು ಕೂತಲ್ಲಿ ಕೂರಲಾರೆ, ಎದ್ದು ಬಾಗಿಲ ತನಕ ಹೋಗಿ ಬರುತ್ತೇನೆ.

ಮತ್ತೆ ಆ ಶನಿವಾರಕ್ಕೆ ಬರುತ್ತೇನೆ, ಏಕೆಂದರೆ ಅವತ್ತು ಇನ್ನೊಂದು ಕೆಲಸ ಬಾಕಿಯಿತ್ತು. ಊಟವಾಯಿತು. ಮಹೇಶ್ ಫಾರಂ ಕಳಿಸಿದರು, ತಲುಪಿದೆ ಎಂದು ಉತ್ತರವೂ ಬಂತು. ಒಂಬತ್ತಕ್ಕೆ ನಾನು ನನ್ನ ದಿನಚರಿ ಪುಸ್ತಕ ತೆಗೆದೆ. ಹೊಸ ಪುಟದಲ್ಲಿ ಮೂವತ್ತು ವರ್ಷದ ಹಿಂದಿನ ಆ ದಿನ ಬರೆದೆ. ಹೊತ್ತು ತಿಳಿಯದು ಎಂದು ಬರೆದೆ. ಹಾಜರಿದ್ದವರು: ಹನುಮಪ್ಪ, ಕಾವಲುಗಾರ. ಒಂದು ಕರಡಿ. ಸೀಲು ಒಡೆಯಲು ಕಾರಣ: ಒಡೆಯಲೇಬೇಕಿತ್ತು. ಒಡೆದವನ ತಪ್ಪಿಲ್ಲ, ಹೊಲಿದವನು ನಾನು. ಹೆಬ್ಬೆಟ್ಟಿನ ಜಾಗವನ್ನು ಖಾಲಿ ಬಿಟ್ಟು, ಅವನ ಪರವಾಗಿ ಬರೆದವನು ಎಂದು ಕೆಳಗೆ ನನ್ನ ಸಹಿ ಹಾಕಿದೆ. ಐದು ಬ್ಯಾಟರಿಗಳನ್ನು ಎಣಿಸಿ ಚೀಲದಲ್ಲಿ ಹಾಕಿದೆ. ಅಭ್ಯಾಸಬಲದಿಂದ ಕೈ ಸೂಜಿಯ ಡಬ್ಬಿಗೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಪಟ್ಟಿಯನ್ನು ತೆರೆದಿಟ್ಟು, ಚೀಲವನ್ನು ಹಾಗೆಯೇ ಟ್ರಂಕಿನಲ್ಲಿ ಇಟ್ಟೆ. ಟ್ರಂಕಿಗೆ ಬೀಗ ಹಾಕಲಿಲ್ಲ. ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ದೀಪ ಆರಿಸಿದೆ.